ಗದ್ದೆ-ತೋಟದಿಂದ ಎಷ್ಟು ಅನಿಲ ಹೋಗುತ್ತದೆ? ಮಷೀನ್ ಲರ್ನಿಂಗ್ ಬಳಸಿ ಅಂದಾಜು ಮಾಡುವ ಬಗೆ

ದೊಡ್ಡಪ್ಪನ ಹತ್ತಿರ ಒಂದು ಸಲ ಕೇಳಿದೆ, ಹೋದ ವರ್ಷ ಗದ್ದೆಗೆ ಯೂರಿಯಾ ಯಾವತ್ತು ಹಾಕಿದ್ದು ಅಂತ. "ಆರಿದ್ರೆ ಮಳೆ ಹಿಡಿದಾಗ ಹಾಕಿದ್ದು ತಮಾ, ಒಂದು ಚೀಲ" ಎಂದರು. ತಾರೀಖು ಇಲ್ಲ, ಕೆಜಿ ಇಲ್ಲ. ಆದರೂ ಜಮೀನಿನಿಂದ ಹೋಗುವ, ಭೂಮಿಯ ಬಿಸಿ ಏರಿಸುವ ಅನಿಲವನ್ನು ಅಂದಾಜು ಮಾಡಲು ನಾನು ಕಟ್ಟುತ್ತಿದ್ದ ಮಾಡೆಲ್‌ಗೆ ಅಲ್ಲಿಯವರೆಗೆ ಸೇರಿಸಿಟ್ಟಿದ್ದ ಉಪಗ್ರಹ ಚಿತ್ರ, ಹವಾಮಾನದ ಫೈಲು ಎಲ್ಲಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸಕ್ಕೆ ಬಂತು. ಏಕೆ ಅನ್ನುವುದು ಮುಂದೆ ಬರುತ್ತದೆ. ಅಳೆದ ಅಂಕಿಗಳಿಂದ ಕಂಪ್ಯೂಟರೇ ಕಲಿತು ಹೊಸ ಗದ್ದೆಗೆ ಅಂದಾಜು ಹೇಳುವುದಕ್ಕೆ ಮಷೀನ್ ಲರ್ನಿಂಗ್ ಅನ್ನುತ್ತಾರೆ, ಹಾಗೆ ಕಲಿತ ಲೆಕ್ಕವೇ ಮಾಡೆಲ್. ಶಿರಸಿ, ಕುಮಟಾ, ಕಾರವಾರದ ಕಡೆ ಕೃಷಿ ಓದುತ್ತಿರುವವರಿಗೆ, ಊರಿಗೆ ಬಂದು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು, ಉಳಿದದ್ದು ಕಲಿಯಬಹುದು.

ಯಾವ ಅನಿಲ, ಎಲ್ಲಿಂದ

ನಮ್ಮ ಜಮೀನಿನ ಮಟ್ಟಿಗೆ ಮುಖ್ಯವಾದವು ಎರಡು, ಮಿಥೇನ್ ಮತ್ತು ನೈಟ್ರಸ್ ಆಕ್ಸೈಡ್. ಎರಡರ ಸ್ವಭಾವ ಬೇರೆ ಬೇರೆ. ಹಾಗಾಗಿ ಎರಡಕ್ಕೂ ಸೇರಿಸಿ ಒಂದೇ ಮಾಡೆಲ್ ಕಟ್ಟಬೇಡಿ.

ಮಿಥೇನ್ ಬರುವುದು ನೀರು ನಿಂತ ಗದ್ದೆಯಿಂದ. ನೀರು ನಿಂತ ಮೇಲೆ ಮಣ್ಣಿನೊಳಗಿನ ಆಮ್ಲಜನಕ ಮುಗಿಯುತ್ತದೆ. ಆಮೇಲೆ ಗಾಳಿಯೇ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಹೆಚ್ಚುತ್ತವೆ. ಬೇರು, ಹುಲ್ಲು, ಗೊಬ್ಬರ ಕೊಳೆತು ಸಿಕ್ಕಿದ್ದನ್ನು ಬಳಸಿ ಅವು ಮಿಥೇನ್ ಬಿಡುತ್ತವೆ. ಅದರಲ್ಲಿ ಬಹುಪಾಲು ಹೊರಗೆ ಹೋಗುವುದು ಭತ್ತದ ಗಿಡದೊಳಗಿನ ಗಾಳಿ ಕೊಳವೆಗಳ ಮೂಲಕ. ಆದ್ದರಿಂದ ಗಿಡಕ್ಕೆ ಎಷ್ಟು ದಿನ ಆಯಿತು ಅನ್ನುವುದು ಬೇಕು, ನೀರು ಮಧ್ಯೆ ಬಿಡದೆ ಎಷ್ಟು ದಿನ ನಿಂತಿತ್ತು ಅನ್ನುವುದು ಇನ್ನೂ ಜಾಸ್ತಿ ಬೇಕು.

ನೈಟ್ರಸ್ ಆಕ್ಸೈಡ್ ಹುಟ್ಟುವುದು ಸಾರಜನಕದಿಂದ, ಅದು ಯೂರಿಯಾದಿಂದ ಬಂದಿರಲಿ, ಕೊಟ್ಟಿಗೆ ಗೊಬ್ಬರದಿಂದ ಬಂದಿರಲಿ. ಇದಕ್ಕೆ ಮಣ್ಣು ಪೂರ್ತಿ ಒಣಗಿಯೂ ಇರಬಾರದು, ಪೂರ್ತಿ ಮುಳುಗಿಯೂ ಇರಬಾರದು. ಮಣ್ಣಿನ ರಂಧ್ರಗಳಲ್ಲಿ ಶೇ. 60ರಿಂದ 80ರಷ್ಟು ನೀರು ತುಂಬಿದಾಗ ಇದರ ಆಟ ಜೋರು. ಗೊಬ್ಬರ ಹಾಕಿದ ಮೇಲೆ ಮಳೆ ಬಿದ್ದರೆ ಮುಂದಿನ ಕೆಲವೇ ದಿನಗಳಲ್ಲಿ ಇಡೀ ಹಂಗಾಮಿನ ದೊಡ್ಡ ಪಾಲು ಹೊರಟುಹೋಗಬಹುದು, ಉಳಿದ ದಿನಗಳಲ್ಲಿ ಅಳತೆ ಮಾಡಿದರೆ ಸೊನ್ನೆಯ ಹತ್ತಿರವೇ ಸಿಗುತ್ತದೆ. ಗೊಬ್ಬರ ಹಾಕಿದ ದಿನ ತಪ್ಪಾದರೆ ಮಾಡೆಲ್ ಪೂರ್ತಿ ದಾರಿ ತಪ್ಪುವುದು ಇದಕ್ಕೇ. ಇನ್ನೊಂದು ವಿಷಯ, ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ನೈಟ್ರಸ್ ಆಕ್ಸೈಡನ್ನು ಮುಂದಕ್ಕೆ ಸಾದಾ ಸಾರಜನಕವಾಗಿ ಬದಲಿಸುವ ಕಿಣ್ವ ಹುಳಿ ಮಣ್ಣಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾಡೆಲಿಗೆ ಕೊಡುವ ಟೇಬಲಿನಲ್ಲಿ ಮಣ್ಣಿನ ಹುಳಿ ಎಷ್ಟು ಎಂದು ಹೇಳುವ ಪಿಎಚ್ ಕಾಲಂ ಬಿಡಬೇಡಿ.

ಭೂಮಿಯ ಬಿಸಿ ಏರಿಸುವುದರಲ್ಲಿ, 100 ವರ್ಷದ ಲೆಕ್ಕ ಹಾಕಿದರೆ, ಗದ್ದೆಯ ಒಂದು ಕೆಜಿ ಮಿಥೇನ್ ಸುಮಾರು 27 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಒಂದು ಕೆಜಿ ನೈಟ್ರಸ್ ಆಕ್ಸೈಡ್ 273 ಕೆಜಿಗೆ ಸಮ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯಲ್ಲಿರುವ ಅಂಕಿ ಇವು.

ಮೊದಲು ಪೆನ್ಸಿಲ್ ಲೆಕ್ಕ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ. ದಯವಿಟ್ಟು ಇದನ್ನು ಹಾರಿಸಬೇಡಿ. ನಿಮ್ಮ ಮಾಡೆಲ್ ಗೆಲ್ಲಬೇಕಾದದ್ದು ಈ ಲೆಕ್ಕವನ್ನೇ.

ಯೂರಿಯಾ ಚೀಲ ಅಂದರೆ ಈಗ 45 ಕೆಜಿ. ಹಳೇ ಅಭ್ಯಾಸದಲ್ಲಿ 50 ಅಂತ ಬರೆದುಕೊಂಡರೆ ಅಲ್ಲೇ ತಪ್ಪು ಶುರು. ಯೂರಿಯಾದಲ್ಲಿ ಶೇ. 46 ಸಾರಜನಕ, ಅಂದರೆ ಚೀಲಕ್ಕೆ 20.7 ಕೆಜಿ. ಅನಿಲದ ಲೆಕ್ಕ ಹಾಕುವ ಐಪಿಸಿಸಿ ಮಾರ್ಗಸೂಚಿಯ 2019ರ ಪರಿಷ್ಕರಣೆಯ ಪ್ರಕಾರ ಮಳೆ ಜಾಸ್ತಿ ಇರುವ ಪ್ರದೇಶದ, ನೀರು ನಿಲ್ಲದ ಜಮೀನಿಗೆ ರಾಸಾಯನಿಕ ಗೊಬ್ಬರ ಹಾಕಿದರೆ ಅದರ ಸಾರಜನಕದಲ್ಲಿ ಶೇ. 1.6 ಭಾಗ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ. 20.7ಕ್ಕೆ 0.016 ಗುಣಿಸಿ, ಸಾರಜನಕದಿಂದ ನೈಟ್ರಸ್ ಆಕ್ಸೈಡ್‌ನ ತೂಕಕ್ಕೆ ಬದಲಿಸಲು 44ರಿಂದ ಗುಣಿಸಿ 28ರಿಂದ ಭಾಗಿಸಿ. ಸುಮಾರು 0.52 ಕೆಜಿ ಬರುತ್ತದೆ. 273ರಿಂದ ಗುಣಿಸಿದರೆ 142 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ತೋಟಕ್ಕೆ ಹಾಕಿದ ಒಂದು ಚೀಲ ಯೂರಿಯಾದ ಲೆಕ್ಕ ಇದು. ಅದೇ ಸಾರಜನಕ ಸಗಣಿ ಗೊಬ್ಬರದಿಂದ ಬಂದಿದ್ದರೆ 1.6ರ ಬದಲು 0.6 ಹಾಕಿ.

ಇನ್ನು ಭತ್ತ. ದಕ್ಷಿಣ ಏಷ್ಯಾಕ್ಕೆ ಅದೇ 2019ರ ಪುಸ್ತಕ ಹೆಕ್ಟೇರಿಗೆ ದಿನಕ್ಕೆ 0.85 ಕೆಜಿ ಮಿಥೇನ್, 112 ದಿನದ ಬೆಳೆ ಅನ್ನುತ್ತದೆ. ಒಂದು ಎಕರೆ ಅಂದರೆ 0.4047 ಹೆಕ್ಟೇರ್. ನೀರು ಒಂದು ದಿನವೂ ಇಳಿಯದೆ ನಿಂತಿದ್ದರೆ ಎಕರೆಗೆ ಸುಮಾರು 38.5 ಕೆಜಿ ಮಿಥೇನ್, ಅಂದರೆ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಮಳೆ ನಂಬಿದ ಗದ್ದೆಯಾದರೆ 0.54ರಿಂದ ಗುಣಿಸಿ, ಹತ್ತಿರ ಹತ್ತಿರ ಅರ್ಧ ಆಗುತ್ತದೆ. ಹಸಿ ಹುಲ್ಲು, ಗೊಬ್ಬರ ಸೇರಿಸಿದ್ದರೆ ಅದಕ್ಕೆ ಬೇರೆ ಗುಣಕ ಇದೆ. ನಾಟಿಗೆ ಸ್ವಲ್ಪ ಮೊದಲು ಹುಲ್ಲು ಹೂತರೆ ಮಿಥೇನ್ ಜಾಸ್ತಿ, ಚೆನ್ನಾಗಿ ಕಳಿತ ಗೊಬ್ಬರವಾದರೆ ಅಷ್ಟಿಲ್ಲ.

ಹಾಗಾದರೆ ಮಷೀನ್ ಲರ್ನಿಂಗ್ ಯಾಕೆ ಬೇಕು? ಈ ಗುಣಕಗಳು ದೇಶ-ಖಂಡದ ಸರಾಸರಿ. ಹೊನ್ನಾವರದ ಬಗ್ಗಡದ ಗದ್ದೆಗೂ ಮುಂಡಗೋಡದ ಬಯಲು ಗದ್ದೆಗೂ ಅವು ಒಂದೇ ಉತ್ತರ ಕೊಡುತ್ತವೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಹಳಿಯಾಳ-ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ ಅಲ್ವಾ ಅಂತ ಒಂದೇ ಅಂಕಿ ಹಾಕಿದರೆ ಇಬ್ಬರಲ್ಲಿ ಒಬ್ಬ ರೈತನಿಗೆ ಅನ್ಯಾಯ.

ಗದ್ದೆಯ ದಿನಚರಿಯನ್ನು ಕಾಲಂ ಮಾಡುವುದು

ನಿಮ್ಮ ಟೇಬಲಿನಲ್ಲಿ ಒಂದು ಸಾಲು ಅಂದರೆ ಒಂದು ಗದ್ದೆಯ ಒಂದು ದಿನ. ಹೀಗೆ ಇಟ್ಟುಕೊಂಡರೆ ಮುಂದೆ ತೊಂದರೆ ಕಡಿಮೆ.

ಮೊದಲ ಕಾಲಂಗಳು ರೈತರ ಬಾಯಿಂದ ಬರಬೇಕು. ನಮ್ಮ ಕಡೆ ಹಿರಿಯರು ತಾರೀಖು ಹೇಳುವುದು ಕಡಿಮೆ, ಮಳೆ ನಕ್ಷತ್ರ ಹೇಳುತ್ತಾರೆ. ಅದನ್ನು ಬದಲಿಸಿಕೊಳ್ಳಲು ಒಂದು ಚಿಕ್ಕ ಪಟ್ಟಿ ಸಾಕು: ಮೃಗಶಿರ ಶುರುವಾಗುವುದು ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ. ಒಂದೊಂದೂ ಹದಿಮೂರು-ಹದಿನಾಲ್ಕು ದಿನ. "ಆರಿದ್ರೆ ಮಳೆಯಲ್ಲಿ" ಅಂದರೆ ಎರಡು ವಾರದ ಕಿಟಕಿ ಸಿಕ್ಕಿತು. "ಹಿಡಿದಾಗ" ಅಂದಿದ್ದರಿಂದ ಮೊದಲ ನಾಲ್ಕೈದು ದಿನ ಅಂತ ಇನ್ನೂ ಕಿರಿದಾಯಿತು. ಆಮೇಲೆ ಊರಿನ ಮಳೆ ಮಾಪನದ ದಾಖಲೆ ತೆಗೆದು ಮಳೆ ಹೊಳವಾದ (ಬಿಡುವು ಕೊಟ್ಟ) ದಿನ ಯಾವುದು ನೋಡಿ. ಯಾರೂ ಧೋ ಎಂದು ಸುರಿಯುವಾಗ ಯೂರಿಯಾ ಎರಚುವುದಿಲ್ಲ. ಹೀಗೆ ಎರಡು-ಮೂರು ದಿನದೊಳಗೆ ತಾರೀಖು ಸಿಗುತ್ತದೆ. ಇಷ್ಟು ಮಾಡಿದರೂ ಅನುಮಾನ ಉಳಿದರೆ, ತಾರೀಖಿನ ಪಕ್ಕ ಇನ್ನೊಂದು ಕಾಲಂ ಇಟ್ಟು ಎಷ್ಟು ದಿನದ ಹೆಚ್ಚುಕಮ್ಮಿ ಇದೆ ಎಂದು ಬರೆದಿಡಿ.

ಗೊಬ್ಬರದ ಅಳತೆಗೂ ಹೀಗೆಯೇ. "ಐವತ್ತು ಹೆಡಿಗೆ ಗೊಬ್ಬರ" ಅಂದರೆ ಅವರ ಮನೆಯ ಹೆಡಿಗೆಯನ್ನೇ ಒಮ್ಮೆ ತುಂಬಿ ತೂಕ ಹಾಕಿ. ಡಿಎಪಿ 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 15:15:15ರಲ್ಲಿ 7.5 ಕೆಜಿ. ಎಲ್ಲವನ್ನೂ ಹೆಕ್ಟೇರಿಗೆ ಎಷ್ಟು ಸಾರಜನಕ ಅಂತ ಬದಲಿಸಿ. ತೋಟದವರಾದರೆ ಬೆಟ್ಟದಿಂದ ತಂದ ಸೊಪ್ಪು, ದರಕು (ಒಣ ಎಲೆ) ಎಷ್ಟು, ಯಾವಾಗ ಹೊದಿಸಿದ್ದು ಅಂತಲೂ ಕೇಳಿ. ಮಣ್ಣಿನ ತೇವ ಅದರಿಂದ ಬದಲಾಗುತ್ತದೆ.

ಕಚ್ಚಾ ಅಂಕಿಯನ್ನು ಹಾಗೇ ಮಾಡೆಲ್‌ಗೆ ಕೊಡಬೇಡಿ. ಮಣ್ಣಿಗೆ ಇವತ್ತಿನ ಮಳೆಗಿಂತ ಹಿಂದಿನ ವಾರದ ನೆನಪು ಮುಖ್ಯ. ಕಳೆದ 3, 7, 14 ದಿನದ ಒಟ್ಟು ಮಳೆ, ಕಳೆದ 7 ಮತ್ತು 30 ದಿನದಲ್ಲಿ ಬಿದ್ದ ಸಾರಜನಕ, ನಾಟಿಯಾಗಿ ಎಷ್ಟು ದಿನ, ನೀರು ಸತತ ಎಷ್ಟು ದಿನ ನಿಂತಿದೆ, ಗದ್ದೆ ಕೊನೆಯ ಸಲ ಒಣಗಿ ಎಷ್ಟು ದಿನ. ಟೇಬಲ್ ಕೆಲಸಕ್ಕಿರುವ ಪೈಥಾನ್ ಲೈಬ್ರರಿ ಪಾಂಡಾಸ್‌ನಲ್ಲಿ ಇವೆಲ್ಲ ನಾಲ್ಕು ಸಾಲಿನ ಕೆಲಸ. ಜೊತೆಗೆ ಮಣ್ಣಿನ ಸಾವಯವ ಇಂಗಾಲ, ಪಿಎಚ್, ಜೇಡಿ ಎಷ್ಟು ಮರಳು ಎಷ್ಟು, ಲವಣಾಂಶ. ರೈತರ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಇಂಗಾಲ, ಪಿಎಚ್, ಲವಣಾಂಶ ಮೂರೂ ಇರುತ್ತವೆ.

ಹವಾಮಾನಕ್ಕೆ ಪುಕ್ಕಟೆ ಸಿಗುವ ನಾಸಾ ಪವರ್ ಡೇಟಾ ಎಲ್ಲರೂ ಬಳಸುತ್ತಾರೆ. ಆದರೆ ಅದರ ಒಂದು ಚೌಕ 50 ಕಿಲೋಮೀಟರಿಗಿಂತ ದೊಡ್ಡದು. ಕುಮಟಾದ ಕಡಲ ತೀರವೂ ದೇವಿಮನೆ ಘಟ್ಟವೂ ಒಂದೇ ಚೌಕದಲ್ಲಿ ಬಿದ್ದರೆ ಎರಡಕ್ಕೂ ಒಂದೇ ಮಳೆ ತೋರಿಸುತ್ತದೆ. ಇಆರ್‌ಎ5-ಲ್ಯಾಂಡ್ ಎಂಬ ಯುರೋಪಿನ ಹವಾಮಾನ ಡೇಟಾದ ಚೌಕ ಸುಮಾರು 9 ಕಿಲೋಮೀಟರ್, ಅದು ಸ್ವಲ್ಪ ವಾಸಿ. ಉಷ್ಣಾಂಶಕ್ಕೆ ಅದನ್ನು ತೆಗೆದುಕೊಳ್ಳಿ, ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆ ಮಾಪಕಗಳ ಅಂಕಿಯನ್ನೇ ಹಿಡಿಯಿರಿ.

ಉಪಗ್ರಹದ ವಿಷಯದಲ್ಲಿ ಒಂದು ಎಚ್ಚರ. ಯುರೋಪಿನ ಸೆಂಟಿನೆಲ್-2 ಉಪಗ್ರಹ ಒಳ್ಳೆಯ ಚಿತ್ರ ಕೊಡುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದಕ್ಕೆ ಕಾಣುವುದು ಮೋಡ ಮಾತ್ರ. ಮಳೆಗಾಲಕ್ಕೆ ಸೆಂಟಿನೆಲ್-1 ಬಳಸಿ. ಅದು ರೇಡಾರ್, ಮೋಡ ದಾಟಿ ನೋಡುತ್ತದೆ. ನೀರು ನಿಂತ ನುಣುಪು ಗದ್ದೆಯಿಂದ ಸಂಕೇತ ವಾಪಸ್ ಬರುವುದು ಕಡಿಮೆ, ಪೈರು ಎದ್ದ ಹಾಗೆ ಹೆಚ್ಚುತ್ತದೆ. ಹಾಗಾಗಿ ನಾಟಿಯ ದಿನವನ್ನು ಅದರಿಂದ ಅಂದಾಜು ಮಾಡಬಹುದು. ಅದರ ಚಿತ್ರದ ಒಂದು ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಹೆಚ್ಚುಕಮ್ಮಿ ಒಂದು ಗುಂಟೆ. ನಮ್ಮ ಗದ್ದೆಗಳು ನಾಲ್ಕು ಗುಂಟೆ, ಆರು ಗುಂಟೆ. ಅಂಚಿನ ಚುಕ್ಕೆಗಳಲ್ಲಿ ಹಾಳಿ (ಬದು), ತೆಂಗಿನ ಮರ, ಪಕ್ಕದ ಗದ್ದೆ ಎಲ್ಲ ಸೇರಿಕೊಂಡಿರುತ್ತವೆ. ಅಂಚು ಬಿಟ್ಟು ಒಳಗಿನದನ್ನು ಮಾತ್ರ ತೆಗೆದುಕೊಳ್ಳಿ. ಅಡಿಕೆ ತೋಟಕ್ಕೆ ಈ ದಾರಿಯೇ ಬೇಡ, ಸೋಗೆಯ ಕೆಳಗಿನ ಮಣ್ಣು ಮೇಲಿನಿಂದ ಕಾಣುವುದಿಲ್ಲ.

ಕಲಿಯಲು ನಿಜವಾದ ಅಳತೆ ಬೇಕು

ಮಾಡೆಲ್ ಕಲಿಯುವುದು ಅಳೆದ ಅನಿಲದಿಂದ. ಗದ್ದೆಯ ಮೇಲೆ ಮುಚ್ಚಿದ ಪೆಟ್ಟಿಗೆ ಇಟ್ಟು, 0, 15, 30, 45ನೇ ನಿಮಿಷಕ್ಕೆ ಸಿರಿಂಜಿನಲ್ಲಿ ಗಾಳಿ ಎಳೆದು, ಪ್ರಯೋಗಾಲಯದಲ್ಲಿ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ನೋಡುವುದು ಸಾಮಾನ್ಯ ಪದ್ಧತಿ. ಬೆಳಿಗ್ಗೆ 9ರಿಂದ 11ರ ಒಳಗೆ ಮಾಡಿದರೆ ದಿನದ ಸರಾಸರಿಗೆ ಹತ್ತಿರ ಬರುತ್ತದೆ. ಲೆಕ್ಕ ಕಷ್ಟವಿಲ್ಲ. ಉದಾಹರಣೆಗೆ ಪೆಟ್ಟಿಗೆಯ ಎತ್ತರ ಅರ್ಧ ಮೀಟರ್, ಅರ್ಧ ಗಂಟೆಯಲ್ಲಿ ಮಿಥೇನ್ 4 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನಾಲ್ಕು ಭಾಗ) ಏರಿತು ಅನ್ನಿ. 27 ಡಿಗ್ರಿ ಶಾಖದಲ್ಲಿ ಲೆಕ್ಕ ಹಾಕಿದರೆ ಚದರ ಮೀಟರಿಗೆ ಗಂಟೆಗೆ ಸುಮಾರು 2.6 ಮಿಲಿಗ್ರಾಂ, ಅಂದರೆ ಹೆಕ್ಟೇರಿಗೆ ದಿನಕ್ಕೆ 0.62 ಕೆಜಿ. ಮೇಲೆ ಹೇಳಿದ 0.85ರ ಆಸುಪಾಸಿನಲ್ಲೇ ಇದೆ, ಹಾಗಾಗಿ ಇಂಥ ಅಂಕಿ ನಂಬಬಹುದು. ನೂರು ಪಟ್ಟು ಹೆಚ್ಚು ಬಂದರೆ ಪೆಟ್ಟಿಗೆ ಇಡುವಾಗ ಕಾಲಿನಿಂದ ಕೆಸರು ಕಲಕಿ ಗುಳ್ಳೆ ಎದ್ದಿದೆ ಎಂದು ಅನುಮಾನಿಸಿ. ಗದ್ದೆಯಲ್ಲಿ ಮೊದಲೇ ಹಲಗೆಯ ದಾರಿ ಹಾಕಿಕೊಂಡು ಅದರ ಮೇಲೆ ನಿಂತೇ ಅಳೆಯಬೇಕು.

ಒಂದೇ ಮನೆಯವರು ಇದನ್ನೆಲ್ಲ ಮಾಡುವುದು ಕಷ್ಟ. ಕಾಲೇಜಿನಲ್ಲಿ ಓದುತ್ತಿದ್ದರೆ ನಿಮ್ಮ ವಿಭಾಗದ ಜೊತೆ ಸೇರಿ ಮಾಡಿ. ಶುರುವಿಗೆ ಸಾರ್ವಜನಿಕ ಡೇಟಾ ಇಳಿಸಿಕೊಳ್ಳಿ. ಫ್ಲಕ್ಸ್‌ನೆಟ್-ಸಿಎಚ್4 ಸಂಗ್ರಹದಲ್ಲಿ ಜಪಾನ್, ಕೊರಿಯಾ, ಫಿಲಿಪ್ಪೀನ್ಸ್, ಇಟಲಿ, ಅಮೆರಿಕದ ಭತ್ತದ ಗದ್ದೆಗಳ ಮಿಥೇನ್ ಅಳತೆ ಇದೆ. ಕೈ ಪಳಗಿಸಲು ಅದು ಒಳ್ಳೆಯದು. ಅದರಿಂದ ಕಲಿತ ಮಾಡೆಲನ್ನು ನೇರವಾಗಿ ಅಂಕೋಲೆಯ ಗದ್ದೆಗೆ ಹಚ್ಚಿ ಉತ್ತರ ಹೇಳಬೇಡಿ.

ಮಾಡೆಲ್ ಕಟ್ಟುವುದು

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ರ‍್ಯಾಂಡಮ್ ಫಾರೆಸ್ಟ್‌ನಿಂದ ಶುರು ಮಾಡಿ, ಆಮೇಲೆ ಎಕ್ಸ್‌ಜಿಬೂಸ್ಟ್ ನೋಡಿ. ಎರಡೂ ಹೌದು-ಅಲ್ಲ ಪ್ರಶ್ನೆಗಳು ಕವಲೊಡೆಯುವ ನೂರಾರು "ಮರ"ಗಳ ಉತ್ತರ ಸೇರಿಸಿ ಹೇಳುತ್ತವೆ. ಕೆಲವು ನೂರು ಸಾಲಿನ ಡೇಟಾಕ್ಕೆ ದೊಡ್ಡ ನ್ಯೂರಲ್ ನೆಟ್‌ವರ್ಕ್ ಬೇಡ.

ಎರಡು ಕಡೆ ಮಾತ್ರ ಜಾಗ್ರತೆ. ನೈಟ್ರಸ್ ಆಕ್ಸೈಡ್‌ನ ಅಂಕಿಯಲ್ಲಿ ನೂರು ದಿನ ಸಣ್ಣದು, ಮೂರು ದಿನ ಬೆಟ್ಟದಷ್ಟು. ಅದಕ್ಕೆ ಲಾಗ್ (ಲಾಗರಿದಮ್) ತೆಗೆದು ಕಲಿಸುತ್ತಾರೆ. ಆದರೆ ಕೊನೆಗೆ ಲಾಗ್ ಬಿಚ್ಚಿ ಹಾಗೇ ಕೂಡಿಸಿದರೆ ಹಂಗಾಮಿನ ಒಟ್ಟು ಮೊತ್ತ ನಿಜಕ್ಕಿಂತ ಕಡಿಮೆ ಬರುತ್ತದೆ. ಲಾಗ್ ಬಿಚ್ಚಿದಾಗ ಸಿಗುವುದು ನಡುವಿನ ಬೆಲೆ, ಸರಾಸರಿ ಸಿಗುವುದಿಲ್ಲ. ತಿದ್ದುಪಡಿ ಗುಣಕ ಹಾಕಿಯೇ ಕೂಡಿಸಿ. ಜೊತೆಗೆ ಒಣ ಮಣ್ಣು ಕೆಲವೊಮ್ಮೆ ಗಾಳಿಯ ಮಿಥೇನನ್ನು ಒಳಗೆ ಎಳೆದುಕೊಳ್ಳುತ್ತದೆ, ಆಗ ಅಳತೆ ಋಣಸಂಖ್ಯೆ. ಅದು ತಪ್ಪಲ್ಲ, ಅಳಿಸಬೇಡಿ.

ಎರಡನೆಯದು, ಮರಗಳ ಗುಂಪಿನ ಈ ಮಾಡೆಲ್‌ಗಳು ತಾವು ಕಂಡದ್ದರ ಆಚೆಗೆ ಹೋಗಲಾರವು. ದಿನಕ್ಕೆ 60 ಮಿಲಿಮೀಟರ್ ಮಳೆಯವರೆಗೆ ಕಂಡ ಮಾಡೆಲ್‌ಗೆ ಕಾರವಾರದ 200 ಮಿಲಿಮೀಟರ್ ದಿನ ಕೊಟ್ಟರೆ ಅದು 60ರ ಉತ್ತರವನ್ನೇ ಕೊಡುತ್ತದೆ. ನಿಮ್ಮ ಊರಿನ ಅಂಕಿ ತರಬೇತಿಯ ಅಂಕಿಯ ಮಿತಿಯೊಳಗೆ ಇದೆಯೇ ಎಂದು ಪ್ರತಿ ಕಾಲಂಗೂ ನೋಡಿ. ಹೊರಗೆ ಬಿದ್ದ ದಿನಗಳಿಗೆ ಗುರುತು ಹಾಕಿ.

ಅಳತೆ ತೀರಾ ಕಡಿಮೆ ಇದ್ದರೆ ಇನ್ನೊಂದು ದಾರಿ ಇದೆ. ಡಿಎನ್‌ಡಿಸಿಯಂಥ, ಮಣ್ಣಿನೊಳಗಿನ ಕ್ರಿಯೆಗಳನ್ನೇ ಸಮೀಕರಣ ಮಾಡಿಟ್ಟ ಮಾಡೆಲ್ ಓಡಿಸಿ ಸಾವಿರಾರು ಕೃತಕ ದಿನಗಳನ್ನು ತಯಾರಿಸಿ, ಅದರಿಂದ ಮೊದಲು ಕಲಿಸಿ, ಕೊನೆಗೆ ನಿಮ್ಮ ಹತ್ತಿಪ್ಪತ್ತು ನಿಜ ಅಳತೆಗಳಿಂದ ತಿದ್ದುವುದು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ನೈಟ್ರಸ್ ಆಕ್ಸೈಡ್‌ಗೆ ಇದೇ ಬಗೆಯ ಕೆಲಸ ಪ್ರಕಟಿಸಿದರು, ಅವರು ಬಳಸಿದ್ದು ಇಕೋಸಿಸ್ ಎಂಬ ಬೇರೆ ಮಾಡೆಲ್. ಇದು ಮೊದಲ ವಾರದ ಕೆಲಸವಲ್ಲ, ರ‍್ಯಾಂಡಮ್ ಫಾರೆಸ್ಟ್ ಸರಿಯಾಗಿ ಓಡಿದ ಮೇಲೆ ಯೋಚಿಸಿ.

ಪರೀಕ್ಷೆ ಮಾಡುವಾಗ ನಾನು ಎಡವಿದ್ದು

ಮೊದಲ ಸಲ ನಾನು ಎಲ್ಲ ಸಾಲುಗಳನ್ನು ಕಲಸಿ, ಐದರಲ್ಲಿ ಒಂದು ಭಾಗ ಪರೀಕ್ಷೆಗೆ ಇಟ್ಟೆ. ಅಂಕ ತುಂಬ ಚೆನ್ನಾಗಿ ಬಂತು. ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಒಂದು ಇಡೀ ಗದ್ದೆಯನ್ನು ತರಬೇತಿಯಿಂದ ಹೊರಗಿಟ್ಟು, ಆ ಗದ್ದೆಯನ್ನೇ ಊಹಿಸಲು ಹೇಳಿದೆ. ಐಪಿಸಿಸಿಯ ಪೆನ್ಸಿಲ್ ಲೆಕ್ಕಕ್ಕಿಂತಲೂ ಕೆಟ್ಟ ಉತ್ತರ ಬಂತು.

ಕಾರಣ ಸರಳ. ಒಂದೇ ಗದ್ದೆಯ ಜುಲೈ 10 ತರಬೇತಿಯಲ್ಲಿದೆ, ಜುಲೈ 11 ಪರೀಕ್ಷೆಯಲ್ಲಿದೆ. ಪಿಎಚ್ ನೋಡಿಯೇ ಮಾಡೆಲ್ ಆ ಗದ್ದೆಯನ್ನು ಗುರುತು ಹಿಡಿಯುತ್ತದೆ, ನಿನ್ನೆಯ ಉತ್ತರವನ್ನೇ ಇವತ್ತಿಗೂ ಹೇಳುತ್ತದೆ. ಕಲಿತದ್ದು ಏನೂ ಇಲ್ಲ, ನೆನಪಿಟ್ಟುಕೊಂಡದ್ದು ಅಷ್ಟೇ. ಹಾಗಾಗಿ ಪೈಥಾನಿನ ಮಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಒಂದು ಗುಂಪಿನ ಸಾಲುಗಳನ್ನೆಲ್ಲ ಒಟ್ಟಿಗೆ ಹೊರಗಿಡುವ ಗ್ರೂಪ್ ಕೆ-ಫೋಲ್ಡ್ ಬಳಸಿ, ಗದ್ದೆಯ ಹೆಸರನ್ನೇ ಗುಂಪು ಮಾಡಿ. ಮುಂದಿನ ವರ್ಷಕ್ಕೆ ಹೇಳಬೇಕಾದರೆ ಇಡೀ ಒಂದು ವರ್ಷವನ್ನೂ ಹೊರಗಿಟ್ಟು ನೋಡಿ. ಅಂಕ ಕಡಿಮೆ ಬರುತ್ತದೆ, ಬರಲಿ. ಹೊಸ ಗದ್ದೆಗೆ ಹೋದಾಗ ಸಿಗುವುದು ಅದೇ ಅಂಕ.

ದಿನದಿನದ ತಪ್ಪಿನ ಜೊತೆ ಹಂಗಾಮಿನ ಒಟ್ಟು ಮೊತ್ತದ ತಪ್ಪನ್ನೂ ಬರೆಯಿರಿ. ರೈತರಿಗೆ ಬೇಕಾದದ್ದು ಆ ಮೊತ್ತ. ಮತ್ತು ಒಂದೇ ಅಂಕಿ ಹೇಳಬೇಡಿ, "ಇಷ್ಟರಿಂದ ಇಷ್ಟರವರೆಗೆ" ಅಂತ ಹೇಳಿ. ರ‍್ಯಾಂಡಮ್ ಫಾರೆಸ್ಟ್‌ನ ಕ್ವಾಂಟೈಲ್ ರೂಪದಲ್ಲಿ ಆ ವ್ಯಾಪ್ತಿ ಸಿಗುತ್ತದೆ.

ಮಾಡೆಲ್ ಏನು ನೋಡಿ ಹೇಳುತ್ತಿದೆ ಅನ್ನುವುದನ್ನೂ ಪರೀಕ್ಷಿಸಿ. ಒಂದೊಂದೇ ಕಾಲಂ ಕಲಸಿ ತಪ್ಪು ಎಷ್ಟು ಹೆಚ್ಚಿತು ನೋಡುವ ವಿಧಾನ ಇದೆ. ನೀರು ನಿಂತ ದಿನ ಹೆಚ್ಚಾದ ಹಾಗೆ ಮಿಥೇನ್ ಏರಬೇಕು. ಸಾರಜನಕದ ಕಾಲಂ ಕಲಸಿದರೂ ನೈಟ್ರಸ್ ಆಕ್ಸೈಡ್‌ನ ಉತ್ತರ ಅಲ್ಲಾಡದಿದ್ದರೆ ಗೊಬ್ಬರದ ತಾರೀಖುಗಳಲ್ಲಿ ಏನೋ ಎಡವಟ್ಟಾಗಿದೆ, ವಾಪಸ್ ಹೋಗಿ ಕೇಳಿ. ನಾನು ದೊಡ್ಡಪ್ಪನ ಹತ್ತಿರ ಹೋದದ್ದು ಹೀಗೆಯೇ.

ಗಜನಿಗೆ ಬೇರೆ ಲೆಕ್ಕ

ನನ್ನ ಅಜ್ಜನ ಮನೆ ಅಘನಾಶಿನಿ ಹೊಳೆಯ ದಂಡೆಯಲ್ಲಿದೆ. ಅಲ್ಲಿನ ಗಜನಿಯಲ್ಲಿ, ಅಂದರೆ ಸಮುದ್ರದ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ರಾಸಾಯನಿಕ ಗೊಬ್ಬರವಿಲ್ಲ, ಕೊಯ್ಲಿನ ನಂತರ ಭರತದ (ಉಬ್ಬರದ) ನೀರು ಒಳಗೆ ಬಿಟ್ಟು ಮೀನು, ಸಿಗಡಿ. ಸಿಹಿನೀರಿನ ಗದ್ದೆಯಿಂದ ಕಲಿತ ಮಾಡೆಲ್‌ಗೆ ಇಲ್ಲಿ ಕಾಣುವುದು ತಿಂಗಳುಗಟ್ಟಲೆ ನಿಂತ ನೀರು ಮಾತ್ರ, ಹಾಗಾಗಿ ಅದು ಭಾರೀ ಮಿಥೇನ್ ಎಂದು ಹೇಳಿಬಿಡುತ್ತದೆ. ಆದರೆ ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರುತ್ತದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಮಿಥೇನ್ ಜೀವಿಗಳ ಆಹಾರವನ್ನು ಮೊದಲೇ ಕಸಿದುಕೊಳ್ಳುತ್ತವೆ, ಮಿಥೇನ್ ಕಡಿಮೆಯಾಗುತ್ತದೆ. ಮಳೆಗಾಲದ ನಡುವೆ ನೀರು ಸಿಹಿಯಾದಾಗ ಈ ತಡೆ ಸಡಿಲವಾಗುತ್ತದೆ. ಆದ್ದರಿಂದ ಗಜನಿಗೆ ಲವಣಾಂಶವನ್ನು ವರ್ಷಕ್ಕೊಮ್ಮೆ ಬರೆದರೆ ಸಾಲದು, ವಾರಕ್ಕೊಮ್ಮೆ ಅಳೆದ ಕಾಲಂ ಬೇಕು. ಅದಿಲ್ಲದೆ ಕಗ್ಗ ಬೆಳೆಯುವವರ ಮೇಲೆ ದೊಡ್ಡ ಅಂಕಿ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಗೊಬ್ಬರವನ್ನೇ ಹಾಕದೆ ಆ ತಳಿಯನ್ನು ಉಳಿಸಿಕೊಂಡು ಬಂದವರು ಅವರು.

ಈ ಮಳೆಗಾಲಕ್ಕೆ

ಮೃಗಶಿರ ಹುಟ್ಟುವ ಮೊದಲು ನಾಲ್ಕು ಮನೆಗೆ ಒಂದೊಂದು ನೋಟ್‌ಬುಕ್ ಕೊಡಿ. ನಾಟಿ, ಗೊಬ್ಬರ, ಕಳೆ ತೆಗೆದದ್ದು, ನೀರು ಬಿಟ್ಟದ್ದು ಅಷ್ಟೇ ಬರೆಯಲಿ, ನಕ್ಷತ್ರದ ಹೆಸರಿನಲ್ಲೇ ಬರೆದರೂ ಸರಿ. ಬರೆಯಲು ಬೇಸರ ಅನ್ನುವವರು ಫೋನಿನಲ್ಲಿ ಮಾತಾಡಿ ಕಳಿಸಲಿ, ತಾರೀಖು ತಾನಾಗಿ ಬರುತ್ತದೆ. ಪ್ರತಿ ಗದ್ದೆಯ ನಡುವೆ ಐದೈದು ಸೆಂಟಿಮೀಟರಿಗೆ ಗುರುತು ಹಾಕಿದ ಒಂದು ಕೋಲು ನೆಡಿ, ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿ ಬರೆಯಲು ಮನೆಯ ಮಕ್ಕಳಿಗೆ ಹೇಳಿ. ಕೋಲಿಗೆ ಬಿದಿರು ಸಾಕು. ಗುರುತಿಗೆ ಮಾತ್ರ ಎಣ್ಣೆ ಬಣ್ಣ ಹಚ್ಚಿ, ಮಾರ್ಕರ್ ಪೆನ್ನಿನ ಗೆರೆ ಪುಷ್ಯ ಮಳೆ ತನಕವೂ ಉಳಿಯುವುದಿಲ್ಲ.